ಇಂಗಾಲಕ್ಕೆ ಇಂಗಾಲದ ಬೆಸುಗೆ: ಔಷಧ ತಯಾರಿಕೆಯಲ್ಲಿ ಈನೋಲೇಟ್ ರಸಾಯನ

ಮೂರ್ಛೆರೋಗವು ನಮ್ಮ ಸಮಾಜದಲ್ಲಿ ಇಂದಿಗೂ ಭಯ ಹಾಗೂ ತಪ್ಪು ತಿಳಿವಳಿಕೆಗೆ ಎಡೆ ಮಾಡಿಕೊಟ್ಟಿರುವ ಕಾಯಿಲೆಯಾಗಿದೆ. ಇದು ದೆವ್ವದ ಕಾಟವೂ ಅಲ್ಲ, ಶಾಪದ ಫಲವೂ ಅಲ್ಲ. ಮಿದುಳಿನ ನರಕೋಶಗಳಲ್ಲಿ ವಿದ್ಯುತ್ ಚಟುವಟಿಕೆಯು ಏಕಾಏಕಿ ಮಿತಿಮೀರುವುದರಿಂದ ಉಂಟಾಗುವ ತೊಂದರೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರು ಈ ರೋಗದಿಂದ ಬಳಲುತ್ತಿದ್ದಾರೆ. ಸಕಾಲದಲ್ಲಿ ರೋಗನಿರ್ಣಯವಾಗಿ ಸರಿಯಾದ ಔಷಧ ದೊರೆತರೆ ಇವರಲ್ಲಿ ನೂರಕ್ಕೆ 70ರಷ್ಟು ಮಂದಿ ಸೆಳವಿಲ್ಲದೆ ಬಾಳಬಹುದು. ಆದರೆ ಔಷಧವನ್ನು ಒಂದು ದಿನವೂ ತಪ್ಪಿಸದೆ ಸೇವಿಸಬೇಕು. ಆದ್ದರಿಂದ ಅದು ಕಡಿಮೆ ಬೆಲೆಗೆ ಹಾಗೂ ವರ್ಷವಿಡೀ ದೊರೆಯುವಂತಿರಬೇಕು.

ಈ ರೋಗಕ್ಕೆ ವೈದ್ಯರು ಬಹುಕಾಲದಿಂದ ನೀಡುತ್ತ ಬಂದಿರುವ ಔಷಧಗಳಲ್ಲಿ ಫೀನೋಬಾರ್ಬಿಟೋನ್ ಮತ್ತು ಸೋಡಿಯಂ ವ್ಯಾಲ್ಪ್ರೊಯೇಟ್ ಮುಖ್ಯವಾದವು. ಎರಡೂ ಭಾರತದ ಅತ್ಯಾವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ. ಇವುಗಳ ರಚನೆಯಲ್ಲಿ ಮೇಲುನೋಟಕ್ಕೆ ಯಾವ ಹೋಲಿಕೆಯೂ ಕಾಣದು. ಆದರೂ ಎರಡರ ತಯಾರಿಕೆಯೂ ಒಂದೇ ಬಗೆಯ ರಾಸಾಯನಿಕ ಕ್ರಿಯೆಯನ್ನು ಆಧರಿಸಬಲ್ಲದು. ಅದೇ ಈನೋಲೇಟ್ ಆಲ್ಕೈಲೀಕರಣ. ಈ ಕ್ರಿಯೆಯ ಸ್ವರೂಪವನ್ನೂ, ನಮ್ಮ ದೇಶದ ಔಷಧ ಸ್ವಾವಲಂಬನೆಯಲ್ಲಿ ಇಂತಹ ಜ್ಞಾನಕ್ಕಿರುವ ಸ್ಥಾನವನ್ನೂ ಇಲ್ಲಿ ವಿವರಿಸಲಾಗಿದೆ.

ಗುಳಿಗೆ ಬೇರೆ, ಔಷಧ ಬೇರೆ

ಅಂಗಡಿಯಲ್ಲಿ ದೊರೆಯುವ ಗುಳಿಗೆಯಲ್ಲಿ ಪಿಷ್ಟ, ಬಣ್ಣ, ಲೇಪನ ಮುಂತಾದ ಅನೇಕ ವಸ್ತುಗಳಿರುತ್ತವೆ. ರೋಗದ ಮೇಲೆ ಪರಿಣಾಮ ಬೀರುವ ವಸ್ತು ಅದರ ಒಂದು ಭಾಗ ಮಾತ್ರ. ಇದನ್ನು ಮೂಲ ಔಷಧವೆಂದು ಕರೆಯುತ್ತಾರೆ. ವ್ಯವಹಾರದಲ್ಲಿ ಇದು ಬಲ್ಕ್ ಡ್ರಗ್ ಎಂದೇ ಹೆಸರಾಗಿದೆ. ಮೂಲ ಔಷಧವನ್ನು ಹೊರಗಿನಿಂದ ತರಿಸಿಕೊಂಡು ಗುಳಿಗೆಯನ್ನಾಗಿ ಒತ್ತುವುದು ಅಷ್ಟೇನೂ ಕಷ್ಟವಲ್ಲ. ಸಾಮಾನ್ಯ ರಾಸಾಯನಿಕಗಳಿಂದ ಆರಂಭಿಸಿ ಮೂಲ ಔಷಧವನ್ನೇ ಹಂತಹಂತವಾಗಿ ಕಟ್ಟುವುದು ನಿಜವಾದ ಸವಾಲು. ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ದೇಶವು ಬಹುಪಾಲು ಮೂಲ ಔಷಧಗಳಿಗೆ ವಿದೇಶಗಳನ್ನೇ ಅವಲಂಬಿಸಿತ್ತು.

ಈ ಪರಿಸ್ಥಿತಿಯನ್ನು ಬದಲಿಸುವಲ್ಲಿ ಹೈದರಾಬಾದ್ ನಗರದ ಪಾತ್ರ ಹಿರಿದು. 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಲಿಮಿಟೆಡ್, ಸೋವಿಯತ್ ಒಕ್ಕೂಟದ ನೆರವಿನೊಂದಿಗೆ ನಗರದ ಬಾಲಾನಗರದಲ್ಲಿ ಸಂಶ್ಲೇಷಿತ ಔಷಧಗಳ ಕಾರ್ಖಾನೆಯೊಂದನ್ನು ನಿರ್ಮಿಸಿತು. ಸಲ್ಫಾ ಔಷಧಗಳು, ಅನಾಲ್ಜಿನ್, ಬಿ ಗುಂಪಿನ ಜೀವಸತ್ವಗಳು ಮುಂತಾದುವು ಇಲ್ಲಿ ತಯಾರಾದವು. ಕಾರ್ಖಾನೆಯು ಔಷಧಗಳ ಜೊತೆಗೆ ನುರಿತ ರಸಾಯನತಜ್ಞರನ್ನೂ ತಯಾರು ಮಾಡಿತು ಎಂದರೆ ತಪ್ಪಾಗದು. ಇಲ್ಲಿ ಕೆಲಸ ಮಾಡಿ ಅನುಭವ ಪಡೆದ ಕೆ. ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ಕಾಲಾನಂತರ ಸರ್ಕಾರಿ ಸಂಸ್ಥೆಯು ನಷ್ಟಕ್ಕೀಡಾಯಿತು. 2016ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು ನಿರ್ಧರಿಸಿತು. ಆದರೆ ಬಾಲಾನಗರದ ಅದೇ ಆವರಣದಲ್ಲಿ 2007ರಲ್ಲಿ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯು ಆರಂಭವಾಗಿ, ಕಲಿಕೆಯ ಪರಂಪರೆ ಮುಂದುವರಿಯಿತು.

ನಗರದ ಇನ್ನೊಂದು ಆಧಾರಸ್ತಂಭ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. 1944ರಲ್ಲಿ ನಿಜಾಮ್ ಸಂಸ್ಥಾನದ ಪ್ರಯೋಗಾಲಯವಾಗಿ ಜನ್ಮತಾಳಿದ ಇದು 1956ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯವಾಯಿತು. 1989ರಲ್ಲಿ ಈಗಿನ ಹೆಸರನ್ನು ಪಡೆಯಿತು. 1985ರಿಂದ 1995ರವರೆಗೆ ನಿರ್ದೇಶಕರಾಗಿದ್ದ ಎ.ವಿ. ರಾಮರಾವ್ ಅವರ ಕಾಲದಲ್ಲಿ ಏಡ್ಸ್ ರೋಗದ ಔಷಧ ಜಿಡೊವುಡಿನ್ ಸೇರಿದಂತೆ ಹಲವು ಔಷಧಗಳ ತಯಾರಿಕಾ ವಿಧಾನಗಳು ಇಲ್ಲಿ ರೂಪುಗೊಂಡವು.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇತ್ತು. 1972ರಲ್ಲಿ ಜಾರಿಗೆ ಬಂದ 1970ರ ಪೇಟೆಂಟ್ ಅಧಿನಿಯಮವು ಔಷಧಗಳ ವಿಷಯದಲ್ಲಿ ವಸ್ತುವಿಗೆ ಪೇಟೆಂಟ್ ನೀಡದೆ, ತಯಾರಿಕೆಯ ವಿಧಾನಕ್ಕೆ ಮಾತ್ರ ನೀಡಿತು. ಬೇರೊಂದು ವಿಧಾನದಿಂದ ಅದೇ ಔಷಧವನ್ನು ತಯಾರಿಸಬಲ್ಲವರಿಗೆ ಬಾಗಿಲು ತೆರೆದಿತ್ತು. 2005ರ ಜನವರಿ 1ರಿಂದ ವಸ್ತುವಿಗೂ ಪೇಟೆಂಟ್ ದೊರೆಯುವ ವ್ಯವಸ್ಥೆ ಬಂದಿದೆ. ಅಲ್ಲಿಯವರೆಗಿನ ಮೂರು ದಶಕಗಳಲ್ಲಿ ಭಾರತೀಯ ರಸಾಯನತಜ್ಞರು ಅಣುಗಳನ್ನು ಕಟ್ಟುವ ಅನೇಕ ದಾರಿಗಳನ್ನು ಕರಗತ ಮಾಡಿಕೊಂಡರು. ಆ ದಾರಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಒಂದು ಇಂಗಾಲದ ಪರಮಾಣುವನ್ನು ಮತ್ತೊಂದು ಇಂಗಾಲಕ್ಕೆ ಜೋಡಿಸುವುದು ಹೇಗೆ?

ಈನೋಲೇಟ್ ಎಂದರೇನು?

ಸಾವಯವ ಅಣುಗಳ ಅಸ್ಥಿಪಂಜರ ಇಂಗಾಲದ ಸರಪಳಿ. ಸರಪಳಿಯನ್ನು ಬೆಳೆಸಬೇಕಾದರೆ ಇಂಗಾಲಕ್ಕೆ ಇಂಗಾಲದ ಬೆಸುಗೆ ಆಗಬೇಕು. ಆದರೆ ಸಾಮಾನ್ಯ ಸ್ಥಿತಿಯಲ್ಲಿ ಇಂಗಾಲವು ತನ್ನ ಜಲಜನಕಗಳನ್ನು ಬಿಗಿಯಾಗಿ ಹಿಡಿದುಕೊಂಡು ನಿರ್ಲಿಪ್ತವಾಗಿರುತ್ತದೆ. ಎರಡು ಇಂಗಾಲಗಳನ್ನು ಒಟ್ಟಿಗಿಟ್ಟ ಮಾತ್ರಕ್ಕೆ ಅವು ಕೂಡುವುದಿಲ್ಲ. ಒಂದರ ಬಳಿ ಹೆಚ್ಚುವರಿ ಎಲೆಕ್ಟ್ರಾನುಗಳಿರಬೇಕು, ಇನ್ನೊಂದರಲ್ಲಿ ಅವುಗಳ ಕೊರತೆಯಿರಬೇಕು. ಆಗ ಮಾತ್ರ ಕೊಡುಕೊಳ್ಳುವಿಕೆ ಸಾಧ್ಯವಾಗುತ್ತದೆ.

ಇಂಗಾಲಕ್ಕೆ ಆಮ್ಲಜನಕವು ಎರಡು ಬಂಧಗಳಿಂದ ಸೇರಿರುವ ಜೋಡಿಗೆ ಕಾರ್ಬೊನಿಲ್ ಗುಂಪು ಎಂದು ಹೆಸರು. ವಿನಿಗರ್‌ನ ಅಸಿಟಿಕ್ ಆಮ್ಲದಲ್ಲಿ, ಉಗುರುಬಣ್ಣ ತೆಗೆಯುವ ಅಸಿಟೋನ್‌ನಲ್ಲಿ, ಹಣ್ಣಿನ ಪರಿಮಳ ನೀಡುವ ಎಸ್ಟರ್‌ಗಳಲ್ಲಿ ಈ ಗುಂಪು ಇದೆ. ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನೆಡೆಗೆ ಸೆಳೆಯುವುದರಿಂದ ಪಕ್ಕದ ಇಂಗಾಲದ ಮೇಲಿರುವ ಜಲಜನಕದ ಹಿಡಿತ ಸಡಿಲವಾಗುತ್ತದೆ. ಸೂಕ್ತವಾದ ಪ್ರತ್ಯಾಮ್ಲವೊಂದನ್ನು ಸೇರಿಸಿದರೆ ಅದು ಈ ಜಲಜನಕವನ್ನು, ಅದರ ಎಲೆಕ್ಟ್ರಾನುಗಳನ್ನು ಅಲ್ಲಿಯೇ ಬಿಟ್ಟು, ಕಿತ್ತುಕೊಳ್ಳುತ್ತದೆ. ಉಳಿದ ಋಣಾವೇಶವು ಇಂಗಾಲ ಹಾಗೂ ಆಮ್ಲಜನಕಗಳೆರಡರ ನಡುವೆ ಹಂಚಿಕೆಯಾಗಿ ನೆಲೆ ನಿಲ್ಲುತ್ತದೆ. ಹೀಗೆ ಉಂಟಾದ ಋಣಾವೇಶಯುಕ್ತ ಕಣವೇ ಈನೋಲೇಟ್.

ಈಗ ಆ ಇಂಗಾಲಕ್ಕೆ ಕೊಡಲು ಎಲೆಕ್ಟ್ರಾನುಗಳಿವೆ. ಅದರ ಎದುರಿಗೆ ಪ್ರೊಪೈಲ್ ಬ್ರೋಮೈಡ್‌ನಂತಹ ವಸ್ತುವನ್ನು ಇಟ್ಟರೆ, ಅಲ್ಲಿ ಬ್ರೋಮೀನ್‌ಗೆ ಅಂಟಿಕೊಂಡಿರುವ ಇಂಗಾಲವು ಎಲೆಕ್ಟ್ರಾನುಗಳ ಕೊರತೆಯಲ್ಲಿರುತ್ತದೆ. ಈನೋಲೇಟ್ ಅದರ ಮೇಲೆ ಬ್ರೋಮೀನ್‌ನ ವಿರುದ್ಧ ದಿಕ್ಕಿನಿಂದ ಎರಗುತ್ತದೆ. ಬ್ರೋಮೀನ್ ಬ್ರೋಮೈಡ್ ಆಗಿ ಹೊರನಡೆಯುತ್ತದೆ. ಇಂಗಾಲಕ್ಕೆ ಇಂಗಾಲ ಬೆಸೆಯುತ್ತದೆ. ಪ್ರೊಪೈಲ್, ಈಥೈಲ್ ಮುಂತಾದ ಇಂಗಾಲದ ತುಣುಕುಗಳಿಗೆ ಆಲ್ಕೈಲ್ ಗುಂಪುಗಳೆಂದು ಹೆಸರಿರುವುದರಿಂದ ಈ ಜೋಡಣೆಯನ್ನು ಆಲ್ಕೈಲೀಕರಣ ಎನ್ನುತ್ತಾರೆ.

ಮೆಲೋನಿಕ್ ಎಸ್ಟರ್‌ನ ವೈಶಿಷ್ಟ್ಯ

ಒಂದು ಕಾರ್ಬೊನಿಲ್ ಗುಂಪು ಜಲಜನಕವನ್ನು ಸಡಿಲಗೊಳಿಸುವುದಾದರೆ, ಎರಡು ಗುಂಪುಗಳ ನಡುವೆ ಸಿಕ್ಕಿಕೊಂಡ ಜಲಜನಕವು ಮತ್ತಷ್ಟು ಸಡಿಲವಾಗಿರುತ್ತದೆ. ಡೈಈಥೈಲ್ ಮೆಲೊನೇಟ್ ಅಥವಾ ಮೆಲೋನಿಕ್ ಎಸ್ಟರ್ ಎಂಬ ಬಣ್ಣವಿಲ್ಲದ ದ್ರವದಲ್ಲಿ ಇಂತಹ ಎರಡು ಜಲಜನಕಗಳಿವೆ. ಮೆಲೋನಿಕ್ ಆಮ್ಲವನ್ನು 1858ರಲ್ಲಿ ಸೇಬಿನ ಹುಳಿಯಾದ ಮ್ಯಾಲಿಕ್ ಆಮ್ಲದಿಂದ ಮೊದಲಿಗೆ ಪಡೆದುದರಿಂದ ಅದಕ್ಕೆ ಈ ಹೆಸರು ಬಂದಿದೆ. ಇದರ ಜಲಜನಕವನ್ನು ತೆಗೆಯಲು ಅತಿ ಪ್ರಬಲವಾದ ಪ್ರತ್ಯಾಮ್ಲ ಬೇಕಿಲ್ಲ. ಸೋಡಿಯಂ ಲೋಹವನ್ನು ಶುದ್ಧ ಈಥೈಲ್ ಮದ್ಯಸಾರದಲ್ಲಿ ಕರಗಿಸಿ ಪಡೆಯುವ ಸೋಡಿಯಂ ಈಥಾಕ್ಸೈಡ್ ಸಾಕಾಗುತ್ತದೆ.

ನಮ್ಮ ಶರೀರವೂ ಇದೇ ಉಪಾಯವನ್ನು ಬಳಸುತ್ತದೆ. ಆಹಾರದಿಂದ ಕೊಬ್ಬಿನಾಮ್ಲಗಳನ್ನು ಕಟ್ಟುವಾಗ ಜೀವಕೋಶಗಳು ಮೆಲೋನಿಕ್ ಆಮ್ಲದ ಒಂದು ರೂಪವನ್ನೇ ಉಪಯೋಗಿಸಿ ಸರಪಳಿಯನ್ನು ಎರಡೆರಡು ಇಂಗಾಲಗಳಂತೆ ಬೆಳೆಸುತ್ತವೆ.

ವ್ಯಾಲ್ಪ್ರೊಯಿಕ್ ಆಮ್ಲದ ನಿರ್ಮಾಣ

ವ್ಯಾಲ್ಪ್ರೊಯಿಕ್ ಆಮ್ಲದ ಅಣುವಿನಲ್ಲಿ ಎಂಟು ಇಂಗಾಲಗಳಿವೆ. ಇದನ್ನು ಕಟ್ಟುವ ಕ್ರಮ ಸರಳವಾಗಿದೆ. ಮೆಲೋನಿಕ್ ಎಸ್ಟರ್‌ನ ಒಂದು ಜಲಜನಕವನ್ನು ತೆಗೆದು ಅಲ್ಲಿ ಮೂರು ಇಂಗಾಲಗಳ ಪ್ರೊಪೈಲ್ ಗುಂಪನ್ನು ಜೋಡಿಸಲಾಗುತ್ತದೆ. ಬಳಿಕ ಎರಡನೆಯ ಜಲಜನಕವನ್ನು ತೆಗೆದು ಇನ್ನೊಂದು ಪ್ರೊಪೈಲ್ ಗುಂಪನ್ನು ಸೇರಿಸಲಾಗುತ್ತದೆ. ಅನಂತರ ಕ್ಷಾರದೊಡನೆ ಕುದಿಸಿ ಎಸ್ಟರ್ ಭಾಗಗಳನ್ನು ಒಡೆದು, ಆಮ್ಲೀಕರಿಸಿ ಬಿಸಿ ಮಾಡಿದಾಗ ಒಂದು ಆಮ್ಲದ ಗುಂಪು ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹೊರಬೀಳುತ್ತದೆ. ಉಳಿಯುವುದು ನಡುವಿನ ಒಂದು ಇಂಗಾಲ, ಆಮ್ಲದ ಗುಂಪಿನ ಒಂದು, ಎರಡು ಪ್ರೊಪೈಲ್‌ಗಳ ಆರು, ಒಟ್ಟು ಎಂಟು. ಈ ಆಮ್ಲದ ಸೋಡಿಯಂ ಲವಣವೇ ಸೋಡಿಯಂ ವ್ಯಾಲ್ಪ್ರೊಯೇಟ್.

ಈ ಔಷಧದ ಇತಿಹಾಸವೂ ಕುತೂಹಲಕರವಾಗಿದೆ. ಜಟಾಮಾಂಸಿಯ ಬಳಗಕ್ಕೆ ಸೇರಿದ ವಲೇರಿಯನ್ ಗಿಡದಲ್ಲಿ ದೊರೆಯುವ ಆಮ್ಲವೊಂದನ್ನು ಹೋಲುವ ಈ ವಸ್ತುವನ್ನು 1882ರಲ್ಲಿ ಬೆವರ್ಲಿ ಬರ್ಟನ್ ಎಂಬ ರಸಾಯನತಜ್ಞರು ಮೊದಲಿಗೆ ತಯಾರಿಸಿದರು. ಅವರು ಬಳಸಿದುದು ಮೆಲೋನಿಕ್ ಎಸ್ಟರ್‌ನ ಹತ್ತಿರದ ಬಂಧುವಾದ ಅಸಿಟೊಅಸಿಟಿಕ್ ಎಸ್ಟರನ್ನು. ಕ್ರಿಯೆ ಮಾತ್ರ ಇದೇ ಬಗೆಯದು. ಮುಂದೆ 80 ವರ್ಷಗಳ ಕಾಲ ಅದು ಒಂದು ದ್ರಾವಕವಾಗಿ ಮಾತ್ರ ಉಳಿಯಿತು. 1960ರ ದಶಕದ ಆರಂಭದಲ್ಲಿ ಫ್ರಾನ್ಸ್‌ನ ಪಿಯೆರ್ ಎಮಾರ್ ಅವರು ಬೇರೆ ಕೆಲವು ವಸ್ತುಗಳನ್ನು ಪರೀಕ್ಷಿಸಲು ಅವುಗಳನ್ನು ಈ ದ್ರವದಲ್ಲಿ ಕರಗಿಸಿದ್ದರು. ಪ್ರಾಣಿಗಳಲ್ಲಿ ಸೆಳವನ್ನು ತಡೆದದ್ದು ಕರಗಿದ ವಸ್ತುಗಳಲ್ಲ, ಕರಗಿಸಿದ ದ್ರವವೇ ಎಂಬುದು ಆಗ ಬೆಳಕಿಗೆ ಬಂದಿತು. 1967ರಲ್ಲಿ ಫ್ರಾನ್ಸ್‌ನಲ್ಲಿ ಇದು ಔಷಧವಾಗಿ ಬಳಕೆಗೆ ಬಂದಿತು.

ಇನ್ನೂ ಹಳೆಯದಾದ ಫೀನೋಬಾರ್ಬಿಟೋನ್ 1912ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದಿತು. ಅದು ಸೆಳವನ್ನು ತಡೆಯುತ್ತದೆಂಬುದನ್ನು ಅದೇ ವರ್ಷ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ವೈದ್ಯರು ಗುರುತಿಸಿದರು. ಇಲ್ಲಿ ಮೆಲೋನಿಕ್ ಎಸ್ಟರ್‌ನ ನಡುವಿನ ಇಂಗಾಲದ ಮೇಲೆ ಮೊದಲೇ ಒಂದು ಫೀನೈಲ್ ಗುಂಪು ಇರುತ್ತದೆ. ಉಳಿದ ಒಂದು ಜಲಜನಕದ ಜಾಗದಲ್ಲಿ ಈಥೈಲ್ ಗುಂಪನ್ನು ಕೂರಿಸಿ, ಅನಂತರ ಯೂರಿಯಾದೊಡನೆ ಸೇರಿಸಿ ಉಂಗುರದ ಆಕಾರಕ್ಕೆ ತರಲಾಗುತ್ತದೆ.

ಹತೋಟಿಯಲ್ಲಿ ಇಡಬೇಕಾದ ಅಂಶಗಳು

ಕಾಗದದ ಮೇಲೆ ಸುಲಭವಾಗಿ ಕಾಣುವ ಈ ಕ್ರಿಯೆಯು ಸಾವಿರಾರು ಲೀಟರ್ ಹಿಡಿಯುವ ಪಾತ್ರೆಯಲ್ಲಿ ನಡೆಯುವಾಗ ಹಲವು ಎಚ್ಚರಿಕೆಗಳನ್ನು ಬೇಡುತ್ತದೆ.

ಮೊದಲನೆಯದು ತೇವಾಂಶ. ನೀರು ಸೇರಿದರೆ ಪ್ರತ್ಯಾಮ್ಲವು ಹಾಳಾಗಿ, ಎಸ್ಟರ್ ಒಡೆದು ಇಳುವರಿ ಕುಸಿಯುತ್ತದೆ. ಸೋಡಿಯಂ ಲೋಹಕ್ಕೆ ನೀರು ತಗುಲಿದರೆ ಜಲಜನಕ ಅನಿಲ ಹುಟ್ಟಿ ಬೆಂಕಿ ಹತ್ತುವ ಅಪಾಯವಿದೆ. ಆದ್ದರಿಂದ ಪಾತ್ರೆಯೊಳಗಿನ ಗಾಳಿಯನ್ನು ಹೊರಹಾಕಿ ಸಾರಜನಕವನ್ನು ತುಂಬಲಾಗುತ್ತದೆ. ಈಥೈಲ್ ಎಸ್ಟರ್‌ಗೆ ಈಥೈಲ್ ಮದ್ಯಸಾರದಿಂದ ಪಡೆದ ಪ್ರತ್ಯಾಮ್ಲವನ್ನೇ ಬಳಸುವುದು ರೂಢಿ. ಬೇರೆ ಮದ್ಯಸಾರವಾದರೆ ಎಸ್ಟರ್‌ಗಳು ಅದಲುಬದಲಾಗಿ ಮಿಶ್ರಣವುಂಟಾಗುತ್ತದೆ.

ಎರಡನೆಯದು ಎಣಿಕೆ. ವ್ಯಾಲ್ಪ್ರೊಯಿಕ್ ಆಮ್ಲಕ್ಕೆ ಎರಡು ಗುಂಪುಗಳು ಬೇಕು. ಒಂದೇ ಜೋಡಣೆಯಾದ ಅಣುಗಳು ಉಳಿದರೆ ಅವು ಕಲ್ಮಶವಾಗುತ್ತವೆ. ಬೇರೆ ಔಷಧಗಳಲ್ಲಿ ಒಂದೇ ಗುಂಪು ಬೇಕಿರುವಾಗ ಎರಡನೆಯದು ಸೇರಿದರೆ ಅದೂ ಕಲ್ಮಶವೇ. ಋಣಾವೇಶವು ಆಮ್ಲಜನಕದ ಮೇಲೂ ಹಂಚಿಕೆಯಾಗಿರುವುದರಿಂದ ಕೆಲವೊಮ್ಮೆ ಆಲ್ಕೈಲ್ ಗುಂಪು ತಪ್ಪು ತುದಿಗೆ ಅಂಟಿಕೊಳ್ಳುವುದೂ ಉಂಟು. ದ್ರಾವಕ, ಉಷ್ಣತೆ ಹಾಗೂ ಲೋಹದ ಆಯ್ಕೆಯಿಂದ ಇದನ್ನು ನಿಯಂತ್ರಿಸಬೇಕಾಗುತ್ತದೆ. ಕವಲೊಡೆದ ಬ್ರೋಮೈಡ್‌ಗಳನ್ನು ಬಳಸಿದರೆ ಜೋಡಣೆಯ ಬದಲು ವಿಭಜನೆಯೇ ಆಗುವ ಸಂಭವವಿದೆ.

ಮೂರನೆಯದು ಉಷ್ಣತೆ. ಒಂದೇ ಕಾರ್ಬೊನಿಲ್ ಗುಂಪು ಇರುವ ಸಾಮಾನ್ಯ ಎಸ್ಟರ್‌ಗಳಿಗೆ ಲಿಥಿಯಂ ಡೈಐಸೊಪ್ರೊಪೈಲಮೈಡ್‌ನಂತಹ ಪ್ರಬಲ ಪ್ರತ್ಯಾಮ್ಲವೂ, ಅನೇಕ ವೇಳೆ ಶೂನ್ಯಕ್ಕಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯವೂ ಬೇಕಾಗುತ್ತವೆ. ಪ್ರಯೋಗಾಲಯದಲ್ಲಿ ಒಣ ಮಂಜುಗಡ್ಡೆಯಿಂದ ಪಡೆಯುವ ಈ ಶೈತ್ಯವನ್ನು ಕಾರ್ಖಾನೆಯಲ್ಲಿ ಒದಗಿಸುವುದು ದುಬಾರಿ. ಆದ್ದರಿಂದಲೇ ಮೆಲೋನಿಕ್ ಎಸ್ಟರ್ ತನ್ನ ಪ್ರಾಮುಖ್ಯವನ್ನು ಇನ್ನೂ ಕಳೆದುಕೊಂಡಿಲ್ಲ.

ನಾಲ್ಕನೆಯದು ಕಾರ್ಮಿಕರ ಸುರಕ್ಷತೆ. ಆಲ್ಕೈಲ್ ಗುಂಪನ್ನು ಒದಗಿಸುವ ವಸ್ತುಗಳು ಪಾತ್ರೆಯಲ್ಲಿ ಮಾಡುವ ಕೆಲಸವನ್ನೇ ಮನುಷ್ಯನ ಶರೀರದಲ್ಲಿಯೂ ಮಾಡಬಲ್ಲವು. ಮೀಥೈಲ್ ಅಯೊಡೈಡ್, ಡೈಮೀಥೈಲ್ ಸಲ್ಫೇಟ್ ಮೊದಲಾದುವು ಅತ್ಯಂತ ವಿಷಕಾರಿ. ಪ್ರೊಪೈಲ್ ಬ್ರೋಮೈಡ್‌ನ ಆವಿಯನ್ನು ದೀರ್ಘಕಾಲ ಸೇವಿಸಿದರೆ ನರಗಳಿಗೆ ಹಾನಿಯಾಗುತ್ತದೆ. ನರರೋಗಿಗಳ ಔಷಧವನ್ನು ತಯಾರಿಸುವ ಕಾರ್ಮಿಕನ ನರಗಳನ್ನು ರಕ್ಷಿಸುವುದು ಕಾರ್ಖಾನೆಯ ಮೊದಲ ಹೊಣೆಯಾಗಬೇಕು.

ಎಡ ಮತ್ತು ಬಲ

ಅನೇಕ ಔಷಧದ ಅಣುಗಳು ಎಡಗೈ ಬಲಗೈಗಳಂತೆ ಪರಸ್ಪರ ಪ್ರತಿಬಿಂಬವಾಗಿರುವ ಎರಡು ರೂಪಗಳಲ್ಲಿ ಇರುತ್ತವೆ. ಇವುಗಳಲ್ಲಿ ಬಹುವೇಳೆ ಒಂದು ರೂಪಕ್ಕೆ ಮಾತ್ರ ಬೇಕಾದ ಗುಣವಿರುತ್ತದೆ. ಈನೋಲೇಟ್ ಚಪ್ಪಟೆಯಾಗಿರುವುದರಿಂದ ಎದುರಿನ ಅಣುವು ಎರಡು ಪಕ್ಕಗಳಿಂದಲೂ ಬಂದು ಸೇರಬಹುದು. ಆಗ ಎರಡೂ ರೂಪಗಳು ಸಮನಾಗಿ ಹುಟ್ಟುತ್ತವೆ. ವ್ಯಾಲ್ಪ್ರೊಯಿಕ್ ಆಮ್ಲದಲ್ಲಿ ಎರಡು ಗುಂಪುಗಳೂ ಒಂದೇ ಆಗಿರುವುದರಿಂದ ಈ ತೊಡಕಿಲ್ಲ.

ತೊಡಕಿರುವೆಡೆ ಒಂದು ಪಕ್ಕವನ್ನು ಮರೆಮಾಡುವ ಉಪಾಯಗಳನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಡೇವಿಡ್ ಇವಾನ್ಸ್ ಅವರು ಅಣುವಿಗೆ ತಾತ್ಕಾಲಿಕವಾದ ಆಸರೆಯೊಂದನ್ನು ಕಟ್ಟಿ, ಕೆಲಸ ಮುಗಿದ ಬಳಿಕ ಅದನ್ನು ಬಿಚ್ಚುವ ವಿಧಾನವನ್ನು ರೂಪಿಸಿದರು. 1984ರಲ್ಲಿ ಮರ್ಕ್ ಸಂಸ್ಥೆಯ ವಿಜ್ಞಾನಿಗಳು ಸಿಂಕೋನ ಮರದ ತೊಗಟೆಯಿಂದ ದೊರೆಯುವ ಕ್ಷಾರಾಭವೊಂದರಿಂದ ತಯಾರಿಸಿದ ವೇಗವರ್ಧಕವನ್ನು ಇದೇ ಉದ್ದೇಶಕ್ಕೆ ಬಳಸಿದರು. ಮಲೇರಿಯಾಕ್ಕೆ ಕ್ವಿನೈನ್ ನೀಡಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ನೀಲಗಿರಿಯಲ್ಲಿ ಬೆಳೆಸಲಾದ ಮರವೂ ಸಿಂಕೋನವೇ. 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಏಡ್ಸ್ ಔಷಧ ಇಂಡಿನಾವಿರ್‌ನ ತಯಾರಿಕೆಯಲ್ಲಿಯೂ ಪಕ್ಕವನ್ನು ಆರಿಸಿಕೊಳ್ಳುವ ಈನೋಲೇಟ್ ಆಲ್ಕೈಲೀಕರಣವು ಪ್ರಮುಖ ಹಂತವಾಗಿತ್ತು.

ತ್ಯಾಜ್ಯದ ಲೆಕ್ಕ

ಪ್ರತಿಯೊಂದು ಜೋಡಣೆಯಲ್ಲೂ ಬ್ರೋಮೀನ್ ಹೊರಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಅಣುತೂಕದ ಲೆಕ್ಕದಂತೆ, ಎಲ್ಲವೂ ನಿರೀಕ್ಷೆಯಂತೆಯೇ ನಡೆದರೂ, ಮೇಲೆ ಹೇಳಿದ ವಿಧಾನದಿಂದ 1 ಕಿಲೋಗ್ರಾಂ ವ್ಯಾಲ್ಪ್ರೊಯಿಕ್ ಆಮ್ಲ ತಯಾರಾಗುವಾಗ ಸುಮಾರು 1.4 ಕಿಲೋಗ್ರಾಂ ಸೋಡಿಯಂ ಬ್ರೋಮೈಡ್ ಲವಣವೂ, 0.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಅನಿಲವೂ ಉಂಟಾಗುತ್ತವೆ. ತೊಳೆದ ನೀರು, ಬಳಸಿದ ದ್ರಾವಕಗಳು ಇದಕ್ಕೆ ಹೊರತು. ಔಷಧಕ್ಕಿಂತ ಲವಣದ ತೂಕವೇ ಹೆಚ್ಚು.

ಈ ಲೆಕ್ಕವನ್ನು ಕಡೆಗಣಿಸಿದರೆ ಆಗುವ ಪರಿಣಾಮವನ್ನು ಹೈದರಾಬಾದಿನ ಹೊರವಲಯವು ಕಂಡಿದೆ. ಪಟಾನ್‌ಚೆರು, ಬೊಲ್ಲಾರಂ, ಜೀಡಿಮೆಟ್ಲ ಪ್ರದೇಶಗಳಲ್ಲಿ ಔಷಧ ಕಾರ್ಖಾನೆಗಳು ದಟ್ಟವಾಗಿ ಬೆಳೆದವು. ಕೆರೆ ಬಾವಿಗಳ ನೀರು ಕೆಟ್ಟ ಬಗ್ಗೆ ಅಲ್ಲಿನ ಗ್ರಾಮಸ್ಥರು ದಶಕಗಳ ಕಾಲ ದೂರಿದ್ದಾರೆ. ಪಟಾನ್‌ಚೆರುವಿನಲ್ಲಿ ಸುಮಾರು 90 ತಯಾರಕರ ತ್ಯಾಜ್ಯವನ್ನು ಶುದ್ಧೀಕರಿಸುತ್ತಿದ್ದ ಸ್ಥಾವರದಿಂದ ಹೊರಬಿಟ್ಟ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಜೀವಿನಿರೋಧಕವು ಲೀಟರಿಗೆ 31 ಮಿಲಿಗ್ರಾಂವರೆಗೆ ಇದ್ದುದನ್ನು 2007ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಇಂದು ಹಳೆಯ ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಬೀದರಿನ ಕೊಳಾರ, ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿಯೂ ಔಷಧ ಹಾಗೂ ರಾಸಾಯನಿಕ ಘಟಕಗಳಿವೆ. ಆದುದರಿಂದ ಈ ವಿಷಯವು ಕನ್ನಡ ನಾಡಿನ ಜನತೆಗೂ ದೂರದ್ದಲ್ಲ.

ಪರಿಹಾರದ ದಾರಿಗಳೂ ರಸಾಯನಶಾಸ್ತ್ರದಲ್ಲಿಯೇ ಇವೆ. ಪೋಲೆಂಡಿನ ಮಿಯೆಚಿಸ್ಲಾವ್ ಮಾಕೊಶಾ ಅವರು 1960ರ ದಶಕದಲ್ಲಿ ಸೋಡಿಯಂ ಲೋಹದ ಬದಲು ಸಾಮಾನ್ಯ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿಯೇ ಇಂತಹ ಜೋಡಣೆಗಳನ್ನು ಸಾಧಿಸಿ ತೋರಿಸಿದರು. ನೀರು ಮತ್ತು ಎಣ್ಣೆಯಂತೆ ಬೆರೆಯದ ಎರಡು ಪದರಗಳ ಗಡಿಯಲ್ಲಿ ಅಮೋನಿಯಂ ಜಾತಿಯ ಲವಣವೊಂದು ಋಣಕಣಗಳನ್ನು ದೋಣಿಯಂತೆ ದಾಟಿಸುತ್ತದೆ. ಇದರಿಂದ ಬೆಂಕಿಯ ಭಯವೂ ವೆಚ್ಚವೂ ತಗ್ಗುತ್ತವೆ. ದ್ರಾವಕಗಳನ್ನು ಬಟ್ಟಿ ಇಳಿಸಿ ಮರುಬಳಕೆ ಮಾಡುವುದು, ತ್ಯಾಜ್ಯದ ಬ್ರೋಮೈಡ್‌ನಿಂದ ಬ್ರೋಮೀನನ್ನು ಮರಳಿ ಪಡೆಯುವುದು ಸಾಧ್ಯವಿದೆ. ಬ್ರೋಮೈಡ್‌ಗಳ ಬದಲು ಮದ್ಯಸಾರಗಳನ್ನೇ ಬಳಸಿ, ನೀರು ಮಾತ್ರ ಹೊರಬರುವಂತೆ ಮಾಡುವ ವೇಗವರ್ಧಕಗಳ ಮೇಲೂ ಸಂಶೋಧನೆ ನಡೆದಿದೆ.

ಸ್ವಾವಲಂಬನೆಯ ಅಗತ್ಯ

ಗುಳಿಗೆಗಳ ತಯಾರಿಕೆಯಲ್ಲಿ ಮುಂದಿರುವ ಭಾರತವು ಅನೇಕ ಮೂಲ ಔಷಧಗಳಿಗೆ ಮತ್ತು ಅವುಗಳ ಆರಂಭಿಕ ರಾಸಾಯನಿಕಗಳಿಗೆ ಮತ್ತೆ ಆಮದನ್ನು ಅವಲಂಬಿಸುವಂತಾಯಿತು. ಇದನ್ನು ಮನಗಂಡು ಕೇಂದ್ರ ಸರ್ಕಾರವು 2020ರ ಮಾರ್ಚ್‌ನಲ್ಲಿ 6,940 ಕೋಟಿ ರೂಪಾಯಿಗಳ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಗೆ ಮಂಜೂರಾತಿ ನೀಡಿತು. ಅದರ 41 ಉತ್ಪನ್ನಗಳ ಪಟ್ಟಿಯಲ್ಲಿ ಮೂರ್ಛೆರೋಗದ ಔಷಧಗಳಾದ ಕಾರ್ಬಮಜೆಪಿನ್ ಮತ್ತು ಲೆವೆಟಿರಾಸಿಟಮ್ ಸೇರಿವೆ. ಧನಸಹಾಯದಿಂದ ಪಾತ್ರೆ ಯಂತ್ರಗಳು ಬರಬಹುದು. ಅವುಗಳೊಳಗೆ ಯಾವ ಜಲಜನಕವನ್ನು, ಯಾವ ಹೊತ್ತಿನಲ್ಲಿ, ಎಷ್ಟು ಶೈತ್ಯದಲ್ಲಿ ಸಡಿಲಗೊಳಿಸಬೇಕೆಂಬುದನ್ನು ಅರಿತ ತಜ್ಞರು ಮಾತ್ರ ಪ್ರಯೋಗಾಲಯಗಳಿಂದ ಹಾಗೂ ಕಾಲೇಜುಗಳಿಂದ ಬರಬೇಕು. ಬಾಲಾನಗರದ ಅನುಭವವು ಕಲಿಸುವ ಪಾಠವಿದು.

ರೋಗಿಗಳು ಹಾಗೂ ಅವರ ಕುಟುಂಬದವರು ಕೆಲವು ಸಂಗತಿಗಳನ್ನು ಗಮನದಲ್ಲಿಡುವುದು ಅವಶ್ಯಕ. ಮೂರ್ಛೆರೋಗದ ಔಷಧವನ್ನು ವೈದ್ಯರ ಸಲಹೆಯಿಲ್ಲದೆ ಥಟ್ಟನೆ ನಿಲ್ಲಿಸಬಾರದು. ಹಾಗೆ ಮಾಡಿದರೆ ಸೆಳವು ಮತ್ತಷ್ಟು ತೀವ್ರವಾಗಿ ಮರುಕಳಿಸಬಹುದು. ಗರ್ಭಿಣಿಯರು ಸೋಡಿಯಂ ವ್ಯಾಲ್ಪ್ರೊಯೇಟ್ ಸೇವಿಸಿದರೆ ಮಗುವಿಗೆ ಅಂಗವೈಕಲ್ಯ ಹಾಗೂ ಬುದ್ಧಿಬೆಳವಣಿಗೆಯ ತೊಂದರೆ ಉಂಟಾಗುವ ಅಪಾಯವಿದೆ. ಆದ್ದರಿಂದ ಈ ಔಷಧವನ್ನು ಪಡೆಯುತ್ತಿರುವ ಹೆಣ್ಣುಮಕ್ಕಳು ಗರ್ಭಧಾರಣೆಗೆ ಮುನ್ನವೇ ವೈದ್ಯರನ್ನು ಕಾಣಬೇಕು. ಔಷಧವು ನಿತ್ಯ ದೊರೆಯುವಂತೆ ನೋಡಿಕೊಳ್ಳುವುದು ವಿಜ್ಞಾನಿಗಳ, ಉದ್ಯಮದ ಹಾಗೂ ಸರ್ಕಾರದ ಹೊಣೆ. ಅದನ್ನು ತಪ್ಪದೆ, ತಿಳಿದು ಸೇವಿಸುವುದು ರೋಗಿಯ ಹೊಣೆ. ಎರಡೂ ಕೂಡಿದಾಗ ಮೂರ್ಛೆರೋಗಿಯು ಇತರರಂತೆಯೇ ಕಲಿತು, ದುಡಿದು, ಸಂಸಾರ ಮಾಡಿಕೊಂಡು ಬಾಳಲು ಯಾವ ಅಡ್ಡಿಯೂ ಇರದು.